ಗೌರತ್ತೆ ಆರಿಸಿದ ಕೋವಿ

ನಮ್ಮ ಮನೆಯ ದೇವರ ಗೂಡಿನಲ್ಲಿ ವಿಭೂತಿ ಇಡುವುದಕ್ಕೆ ಒಂದು ಹಿತ್ತಾಳೆಯ ಕೊಳವೆಯಿದೆ. ಹೆಬ್ಬೆರಳಿನಷ್ಟು ದಪ್ಪ, ಅದಕ್ಕಿಂತ ಒಂದಿಷ್ಟು ಉದ್ದ. ತಳಕ್ಕೆ ಅಂಚು ಕಟ್ಟಿದೆ, ತಳದ ನಟ್ಟನಡುವೆ ಏನೋ ಕುಟ್ಟಿದ ಹಾಗೆ ಒಂದು ಗುಳಿ. ಗೂಡಲೂರಿನ ಮಳೆಯಲ್ಲಿ ಹಿತ್ತಾಳೆ ಹೊಳಪು ಹಿಡಿದು ನಿಲ್ಲುವುದಿಲ್ಲ; ಆದ್ದರಿಂದ ಸೋಮವಾರ ಬಂತೆಂದರೆ ಅದನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿ ಬೆಳಗಿ, ಹೊಸ ವಿಭೂತಿ ತುಂಬಿಡುವುದು ನನ್ನ ಕೆಲಸ. ಸೊಸೆ ಬಂದ ಮೇಲೂ ಈ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟಿಲ್ಲ.

ಹೋದ ತಿಂಗಳು ಪಕ್ಕದ ಮನೆಗೆ ಮೇಷ್ಟರೊಬ್ಬರ ಸಂಸಾರ ಬಂತು. ಮೈಸೂರಿನವರು. ಮೇಷ್ಟರ ಹೆಂಡತಿ ಮೊದಲ ಸಲ ಮನೆಗೆ ಬಂದಾಗ ದೇವರ ಗೂಡಿನ ಮುಂದೆ ನಿಂತು, ಆ ಕೊಳವೆಯನ್ನು ಕೈಗೆ ತೆಗೆದುಕೊಂಡು, ಇದು ಯಾವ ಕ್ಷೇತ್ರದಲ್ಲಿ ಸಿಕ್ಕಿದ್ದು ಎಂದು ಕೇಳಿದರು. ಮಸಿನಗುಡಿಯದು ಎಂದೆ. ಅಲ್ಲಿ ಯಾವುದೋ ಹಳೆಯ ಮಠ ಇರಬೇಕೆಂದುಕೊಂಡು ಅವರು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ಒತ್ತಿಕೊಂಡ ಮೇಲೆ ನಾನು ಸುಮ್ಮನಿರಬಹುದಿತ್ತು. ನನ್ನ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ. ಅದು ಕೋವಿಯ ತೋಟಾ, ಹೊಡೆದಾದ ಮೇಲೆ ಉಳಿದ ಬರಿ ಚಿಪ್ಪು ಎಂದು ಹೇಳಿಬಿಟ್ಟೆ. ಅವರು ಅದನ್ನು ಇಟ್ಟ ವೇಗ ನೋಡಿ ನನಗೆ ಪಾಪ ಎನ್ನಿಸಿತು. ಕಾಫಿ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಆದರೆ ಕಥೆ ಹೇಳಲಿಲ್ಲ. ಅರ್ಧ ಗಂಟೆಯ ಪರಿಚಯಕ್ಕೆ ಗೌರತ್ತೆಯ ಕಥೆ ಹೇಳುವುದಕ್ಕೆ ಆಗುವುದಿಲ್ಲ. ನೀವು ಬೇಕಾದವರು, ನಿಮಗೆ ಹೇಳುತ್ತೇನೆ.

ಗೌರತ್ತೆ ನಮ್ಮಪ್ಪನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ನಮ್ಮಮ್ಮ ತೀರಿಕೊಂಡಳಂತೆ. ನನ್ನನ್ನು ಸಾಕಿದವಳು ಅತ್ತೆ. ಆಳು ಕುಳ್ಳು. ಆದರೆ ತಾನು ಕುಳ್ಳು ಎಂಬುದು ಆಕೆಗೆ ಯಾರೂ ತಿಳಿಸದೆ ಇದ್ದ ಸಂಗತಿ. ಬಾಗಿಲಲ್ಲಿ ನಿಂತರೆ ಬಾಗಿಲು ತುಂಬಿದಂತೆ ನಿಲ್ಲುತ್ತಿದ್ದಳು. ಸೊಂಟದಲ್ಲಿ ಉಗ್ರಾಣದ ಬೀಗದ ಕೈ. ಅದು ಸ್ನಾನಕ್ಕೆ ಹೋಗುವಾಗಲೂ ಜೊತೆಗೆ ಹೋಗುತ್ತಿತ್ತು. ನಡೆಯುವಾಗ ಅದರ ಸದ್ದು ಮುಂದೆ ಬಂದು ಆಮೇಲೆ ಅತ್ತೆ ಬರುತ್ತಿದ್ದಳು, ಆದ್ದರಿಂದ ಬೆಲ್ಲ ಕದಿಯುವುದಕ್ಕೆ ನನಗೆ ಬೇಕಾದಷ್ಟು ಕಾಲಾವಕಾಶ ಸಿಗುತ್ತಿತ್ತು.

ಆ ಬೀಗದ ಕೈಯ ಮೇಲೆ ಆಕೆಗೆ ಅಷ್ಟೊಂದು ಮಮತೆ ಏಕೆಂದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಅತ್ತೆಯ ಗಂಡನ ಮನೆ ಗುಂಡ್ಲುಪೇಟೆಯಲ್ಲಿ. ಗಂಡ ಹೋದ ಮೇಲೆ ಮೈದುನನ ಮನೆಯ ಒಲೆಯ ಮುಂದೆ ಕೆಲವು ವರ್ಷ ಕಳೆದಿದ್ದಳು. ಆ ಮನೆಯಲ್ಲಿ ಆಕೆಗೆ ಹಿಡಿ ಉಪ್ಪು ಬೇಕಾದರೂ ಕೇಳಿ ಪಡೆಯಬೇಕಾಗಿತ್ತು. ನಮ್ಮಮ್ಮ ತೀರಿಕೊಂಡು, ಅಪ್ಪ ಹೋಗಿ ಕರೆದಾಗ, ಉಟ್ಟ ಸೀರೆಯಲ್ಲೇ ಗಾಡಿ ಹತ್ತಿ ಮಸಿನಗುಡಿಗೆ ಬಂದುಬಿಟ್ಟಳಂತೆ. ಬಂದ ದಿನವೇ ಅಪ್ಪ ಬೀಗದ ಕೈ ಕೊಟ್ಟರು. ಆಮೇಲೆ ಯಾರಾದರೂ ಗುಂಡ್ಲುಪೇಟೆಯ ಹೆಸರು ತೆಗೆದರೆ ಆಕೆ ಎದ್ದು ಹೋಗಿ ಏನಾದರೂ ಕುಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಮೆಣಸಿನ ಪುಡಿಗೆ ಎಂದೂ ಕೊರತೆ ಇರಲಿಲ್ಲ.

ಅಪ್ಪನದು ಗಾಡಿ ವ್ಯಾಪಾರ. ಗುಂಡ್ಲುಪೇಟೆಯ ಕಡೆಯಿಂದ ರಾಗಿ, ಹುರುಳಿ, ಬೆಲ್ಲ ತಂದು ಮನೆಯ ಉಗ್ರಾಣದಲ್ಲಿ ತುಂಬಿ, ಅಲ್ಲಿಂದ ಸೀಗೂರು ಘಾಟಿ ಹತ್ತಿಸಿ ಊಟಿಯ ಮಂಗಳವಾರದ ಸಂತೆಗೆ ಒಯ್ಯುವುದು. ಬರುವಾಗ ಉರುಳಗಡ್ಡೆ ತುಂಬಿಕೊಂಡು ಇಳಿಯುವುದು. ಆಗಿನ್ನೂ ಘಾಟಿಯಲ್ಲಿ ಮೋಟಾರು ಕಂಡವರಿರಲಿಲ್ಲ. ಎತ್ತುಗಳೇ ನಮ್ಮ ಮೋಟಾರು. ಗಾಡಿ ಹೊರಟರೆ ಗಂಡಸರೆಲ್ಲ ಗಾಡಿಯ ಹಿಂದೆ. ಮನೆಯಲ್ಲಿ ಅತ್ತೆ, ನಾನು. ಅಂಗಳದ ಆಚೆ ಬದಿಯ ಮನೆಯಲ್ಲಿ ನಮ್ಮ ಗಾಡಿ ಹೊಡೆಯುವ ಸಿದ್ದನ ಹೆಂಡತಿ ಮಾದಿ. ಕೋವಿ ಬಂದ ವರ್ಷ ಅವಳಿಗೆ ಚೊಚ್ಚಲ ಮಗು. ಅವಳ ಮನೆಯ ಗೋಡೆಯೇ ನಮ್ಮ ಅಂಗಳದ ಒಂದು ಬದಿ. ಬಿದಿರಿನ ತಟ್ಟಿ ಹೆಣೆದು ಎರಡು ಕಡೆ ಮಣ್ಣು ಮೆತ್ತಿದ ಗೋಡೆ. ಆಚೆ ಮಗು ಸೀನಿದರೆ ಈಚೆ ಅತ್ತೆ ಚಿರಂಜೀವಿ ಎನ್ನುತ್ತಿದ್ದಳು.

ಹೀಗಿರುವಾಗ ಘಾಟಿಯ ಬುಡದಲ್ಲಿ ಒಬ್ಬ ವ್ಯಾಪಾರಿಯ ಮನೆ ಕಳವಾಯಿತು. ಗಂಡಸರಿಲ್ಲದ ಹೊತ್ತು ನೋಡಿ, ಹಗಲಿನಲ್ಲೇ ನುಗ್ಗಿ, ಹೆಂಗಸರನ್ನು ಕೋಣೆಗೆ ಕೂಡಿ ಎಲ್ಲವನ್ನೂ ಬಾಚಿಕೊಂಡು ಹೋದರಂತೆ. ಸುದ್ದಿ ಕೇಳಿ ಬಂದ ಸಂಜೆ ಅಪ್ಪ ಊಟ ಮಾಡಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾತಿಯವರಲ್ಲ ಅವರು. ಜಗಲಿಯಲ್ಲಿ ಕೂತು ಅತ್ತೆಯನ್ನು ಕರೆದು ಹೇಳಿದರು:

"ಅಕ್ಕ, ಮನಗ ಒಂದು ಕೋವಿ ಬೇಕು. ಅದನ್ನ ಹಿಡ್ಯಾಕ ನಿನ್ ಕೈಲಾದ್ರ ಸರಿ. ಆಗ್ದೆ ಇದ್ರ ನೀನೂ ಮಗುನೂ ಗುಂಡ್ಲುಪೇಟಗ ಹೋಗ್ಬುಡಿ. ನಿಮ್ಮನ್ನ ಹಿಂಗ ಬುಟ್ಬುಟ್ಟು ನಾನು ಗಾಡಿ ಹೂಡನಾರೆ."

ಅತ್ತೆ ಕುಟ್ಟುವುದಕ್ಕೆ ಏಳಲಿಲ್ಲ. ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

"ಮನ ಕಾಯೋಳು ನಾನು ತಾನೆ ತಮ್ಮ? ಕೋವಿನೂ ನಾನೇ ನೋಡಿ ತಕ್ಕತೀನಿ. ನಿನ್ ಕೈಗ ಒಪ್ಪಿದ್ದು ನನ್ ಕೈಗ ಒಪ್ಪಕಿಲ್ಲ" ಎಂದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾವು ಲಿಂಗವಂತರು. ನಮ್ಮ ಮನೆಯಲ್ಲಿ ತಿಗಣೆಯನ್ನು ಕೂಡ ಮಂಚ ಬಿಸಿಲಿಗೆ ಹಾಕಿ 'ಹೋಗಪ್ಪ' ಎಂದು ಬೇಡಿಕೊಂಡು ಕಳಿಸುತ್ತಿದ್ದರು. ಅಂಥ ಮನೆಗೆ ಕೋವಿ ಬರುತ್ತದೆಂದಾಗ ಊರಿಗೆಲ್ಲ ಹಬ್ಬವಾಯಿತು. ಎಂದೂ ಕೋವಿ ಮುಟ್ಟದವರಿಗೂ ಕೋವಿಯ ವಿದ್ಯೆ ಬಂದುಬಿಟ್ಟಿತು. ನಮ್ಮ ಜಗಲಿಯಲ್ಲಿ ಕೂತು, ನಮ್ಮ ಎಲೆ ಅಡಿಕೆ ಹಾಕಿಕೊಂಡು, ಉದ್ದದ್ದೇ ಒಳ್ಳೆಯದು ಎಂದು ಒಬ್ಬರು, ಭಾರದ್ದೇ ಒಳ್ಳೆಯದು ಎಂದು ಇನ್ನೊಬ್ಬರು ಜಗಳಾಡಿದರು. ಹೆಣ್ಣಿನ ಕೈಗೆ ಕೋವಿ ಕೊಟ್ಟರೆ ಮಳೆ ಬರುವುದಿಲ್ಲ ಎಂದು ಹೇಳಿದ ಒಬ್ಬ ಮುದುಕನಿಗೆ ಮಾತ್ರ ಅತ್ತೆ ಅಡಿಕೆ ಕೊಡಲಿಲ್ಲ.

ಮೊದಲು ಬಂದದ್ದು ಆ ಮುದುಕನದೇ ಕೇಪಿನ ಕೋವಿ. ಬಾಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಅಡಿಕೆ ಸಿಗದಿದ್ದರೂ ಕೋವಿ ಮಾರಿಹೋಗಲಿ ಎಂಬ ಆಸೆಯಿಂದ ತಂದಿದ್ದ. ತುಂಬುವುದು ಹೇಗೆಂದು ತೋರಿಸು ಎಂದಳು ಅತ್ತೆ. ತೋರಿಸು ಎಂದವಳು ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟು ಬಂದಳು. ಮುದುಕ ಕೊಂಬಿನಿಂದ ಮದ್ದು ಅಳೆದು ಸುರಿದ, ತೆಂಗಿನ ನಾರು ತುರುಕಿದ, ಗಜವೆಂಬ ಕಬ್ಬಿಣದ ಕಂಬಿಯಿಂದ ಜಡಿದ, ಸೀಸದ ಕಾಳು ಹಾಕಿದ, ಅವನ್ನು ನಮ್ಮ ಕಡೆ ಚರೆ ಎನ್ನುತ್ತಾರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕಿಡಿ ಹೊತ್ತಿಸುವ ಕೇಪು ಹುಡುಕಿದರೆ ಸೊಂಟದ ಚೀಲದಲ್ಲಿ ಸುಣ್ಣದ ಕಾಯಿ ಮಾತ್ರ ಸಿಕ್ಕಿತು. ಅಷ್ಟರಲ್ಲಿ ಒಳಗೆ ಎಸರು ಉಕ್ಕಿ ಒಲೆ ಚುಸ್ಸೆಂದಿತು.

"ಕಳ್ಳನ್ನ ಜಗಲಿ ಮ್ಯಾಲ ಕೂರ್ಸಿ, ಎಲೆ ಅಡಕ ಕೊಟ್ಟು, ಇರಪ್ಪ ಒಸಿ, ಮದ್ದು ತುಂಬ್ತಾವ್ನಿ ಅಂತ ಹೇಳ್ಬೇಕ?" ಎಂದು ಅತ್ತೆ ಎದ್ದು ಹೋದಳು.

ಎರಡನೆಯದನ್ನು ತಂದವರು ಅಪ್ಪ. ತೋಟ ಬಿಟ್ಟು ತನ್ನ ಸೀಮೆಗೆ ಹೊರಟಿದ್ದ ಒಬ್ಬ ಬಿಳಿ ದೊರೆಯದು. ಜೋಡುನಳಿಗೆ, ಮರದ ಮೇಲೆ ಎಲೆಬಳ್ಳಿಯ ಚಿತ್ತಾರ, ಕೆರೆಯಲ್ಲಿ ಈಜುವ ಬಾತುಗಳನ್ನು ದಡದಿಂದ ಹೊಡೆಯುವುದಕ್ಕೆ ಮಾಡಿಸಿದ್ದಂತೆ. ನೋಡಿದವರೆಲ್ಲ ಬಾಯಿ ಬಿಟ್ಟರು. ಅಪ್ಪನಿಗಂತೂ ಅದರ ಮೇಲೆ ಮನಸ್ಸು ನೆಟ್ಟುಹೋಗಿತ್ತು, ಮಾತನಾಡುವಾಗಲೂ ಅದರ ಬೆನ್ನು ಸವರುತ್ತಿದ್ದರು. ಅತ್ತೆ ಅದನ್ನು ಎತ್ತಿಕೊಂಡು ಅಂಗಳದಲ್ಲಿ ನೋಡಲಿಲ್ಲ. ಸೀದಾ ಒಳಗೆ ಹೋದಳು. ಅಡಿಗೆ ಮನೆಯಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ, ಕಳ್ಳ ಬಂದಾಗ ತಾನು ಹೇಗೆ ಬರಬೇಕೋ ಹಾಗೆ ಬಂದಳು. ಮೊದಲನೆಯ ಬಾಗಿಲಲ್ಲಿ ನಳಿಗೆ ಮೇಲಿನ ಪಟ್ಟಿಗೆ ತಗುಲಿತು. ಎರಡನೆಯದರಲ್ಲಿ ತಿರುಗಿಸಿಕೊಂಡಳು. ತಿರುಗಿಸಿದ ತುದಿ ಹೋಗಿ ನೆಲುವಿಗೆ ಬಿತ್ತು. ನೆಲುವಿನ ಮೇಲೆ ಮೊಸರಿನ ಗಡಿಗೆ, ಅದರ ಕೆಳಗೆ ನಾನು.

ಆ ಹೊತ್ತು ನಾನು ಅತ್ತದ್ದು ಮೊಸರು ಹೋಯಿತಲ್ಲ ಎಂದೇ ಹೊರತು ತಲೆಗೆ ಬಿದ್ದಿತಲ್ಲ ಎಂದಲ್ಲ. ಅಂಥ ಮೊಸರು ಅತ್ತೆಯದು. ಅಪ್ಪ ಕೋವಿಯನ್ನು ಒರೆಸಿ, ಬಟ್ಟೆ ಸುತ್ತಿ, ದೊರೆಗೆ ಹಿಂದಿರುಗಿಸಿ ಬಂದರು. ಆ ರಾತ್ರಿ ಊಟಕ್ಕೆ ಮಜ್ಜಿಗೆಯೂ ಇರಲಿಲ್ಲ. ಗುಂಡ್ಲುಪೇಟೆಗೆ ಹೇಳಿಕಳಿಸುವ ಮಾತನ್ನು ಅವರು ಮತ್ತೆ ಎತ್ತಿದರು. ಅತ್ತೆ ಇನ್ನೊಂದೇ ಒಂದು ಸಲ ಊಟಿಗೆ ಕರೆದುಕೊಂಡು ಹೋಗು, ಅಂಗಡಿಯಲ್ಲಿ ನಾನೇ ನೋಡುತ್ತೇನೆ ಎಂದು ಕೇಳಿಕೊಂಡಳು. ಆಕೆ ಯಾರನ್ನಾದರೂ ಏನನ್ನಾದರೂ ಕೇಳಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಬಾರಿ.

ಘಾಟಿ ಹತ್ತಿದ ಆ ಪ್ರಯಾಣವನ್ನು ಬರೆಯುತ್ತಾ ಕೂತರೆ ನನ್ನ ಲೇಖನಿಗೂ ಎತ್ತು ಕಟ್ಟಬೇಕಾಗುತ್ತದೆ. ಒಂದೊಂದು ತಿರುವಿಗೂ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು, ಎತ್ತಿಗೆ ಉಸಿರಾಡಲು ಬಿಡುವುದು, ಮತ್ತೆ ಹೊರಡುವುದು. ಕೆಳಗಿನ ಮುಳ್ಳುಕಾಡು ಕರಗಿ ಮೇಲಿನ ಹಸುರು ಬರುವ ಹೊತ್ತಿಗೆ ಅತ್ತೆ ಕಂಬಳಿಯೊಳಗೆ ಮೂಗು ಮಾತ್ರ ಬಿಟ್ಟುಕೊಂಡು ಕೂತಿದ್ದಳು. ಊಟಿಯಲ್ಲಿ ಬೆಳ್ಳಿಗೌಡರು ಕಾದಿದ್ದರು. ಅವರು ಬಡಗರು, ಊಟಿಯ ಹತ್ತಿರದ ಒಂದು ಹಟ್ಟಿಯಲ್ಲಿ ಉರುಳಗಡ್ಡೆ ಬೆಳೆಯುವವರು, ಅಪ್ಪನ ಸಂತೆಯ ಗೆಳೆಯರು. ಬಿಳಿಯ ಹೊದಿಕೆ, ಬಿಳಿಯ ಮುಂಡಾಸು, ಅದರ ಕೆಳಗೆ ಎಂದೂ ಅವಸರವಿಲ್ಲದ ಮುಖ. ಅವರ ಮಾತಿನಲ್ಲಿ ನಮ್ಮ ಅಜ್ಜಂದಿರ ಕಾಲದ ಕನ್ನಡದಂಥ ಪದಗಳಿದ್ದವು, ನಡುನಡುವೆ ತಮಿಳು. ಅತ್ತೆಗೂ ಅವರಿಗೂ ಅರ್ಧ ಅರ್ಥವಾಗಿ, ಉಳಿದರ್ಧವನ್ನು ಇಬ್ಬರೂ ಗೌರವದಿಂದ ತಲೆಯಾಡಿಸಿ ದಾಟಿಸುತ್ತಿದ್ದರು.

ಕೋವಿ ಅಂಗಡಿ ದೊರೆಗಳದು. ಗಾಜಿನ ಬೀರುಗಳಲ್ಲಿ ಸಾಲಾಗಿ ನಿಂತ ಕೋವಿಗಳು, ಎಣ್ಣೆಯ ವಾಸನೆ, ನೆಲಕ್ಕೆ ಜಮಖಾನ. ತಮಿಳು ಗುಮಾಸ್ತರೊಬ್ಬರಿದ್ದರು. ಅವರು ಅಪ್ಪನ ಮುಖ ನೋಡಿ ಮಾತನಾಡಿದರೆ ಉತ್ತರ ಅತ್ತೆಯಿಂದ ಬರುತ್ತಿತ್ತು. ಕೊನೆಗೆ ಅವರೂ ಪಾಠ ಕಲಿತು ಅತ್ತೆಯ ಕಡೆಗೇ ತಿರುಗಿ ನಿಂತರು. ಆಕೆ ಒಂದೊಂದನ್ನೇ ಎತ್ತಿ ನೋಡಿದಳು. ಸಂತೆಯಲ್ಲಿ ಒನಕೆ ಆರಿಸುವವರನ್ನು ನೀವು ನೋಡಿದ್ದೀರಷ್ಟೆ? ಕಣ್ಣಿನಿಂದಲ್ಲ, ಮುಂಗೈಯಿಂದ ನೋಡುತ್ತಾರೆ. ಹಾಗೆ ನೋಡಿ ನೋಡಿ ಬದಿಗಿಟ್ಟಳು. ಆಮೇಲೆ ಮೂಲೆಯಲ್ಲಿದ್ದ ಒಂದನ್ನು ಬೆರಳು ಮಾಡಿ ತೋರಿಸಿದಳು. ಮೋಟು ಕೋವಿ. ಒಂಟಿ ನಳಿಗೆ. ಚಿತ್ತಾರ ಏನೂ ಇಲ್ಲ. ಅದು ಯಾರೋ ದೊರೆಸಾನಿಗೆಂದು ತರಿಸಿ, ಅವರು ಒಲ್ಲೆನೆಂದು ಬಿಟ್ಟದ್ದು ಎಂದು ಗುಮಾಸ್ತರು ಸಂಕೋಚದಿಂದ ಹೇಳಿದರು.

ಅತ್ತೆ ಆ ಕೋವಿಯನ್ನು ಹಿಡಿದುಕೊಂಡು ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಟೋಪಿ ಹಾಕಿದ ಒಬ್ಬ ದೊರೆಸಾನಿ ತನ್ನ ಕೆಲಸ ಬಿಟ್ಟು ನೋಡತೊಡಗಿದಳು. ಕಳ್ಳ ಬಂದಾಗ ತಾನು ಕುರ್ಚಿಯ ಮೇಲೇನೂ ಇರುವುದಿಲ್ಲ, ಒಲೆಯ ಮುಂದೆ ಕೂತಿರುತ್ತೇನೆ, ಎದ್ದೇಳಬೇಕಲ್ಲ ಎಂದು ಅತ್ತೆಯ ಲೆಕ್ಕ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಲ್ಲಿ ಕೋವಿ ಹಿಡಿದು ಎದ್ದಳು. ಮತ್ತೆ ಕೂತು ಮತ್ತೆ ಎದ್ದಳು. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಮಡಿಸಿದಳು, ಬರಿ ತೋಟಾ ಹಾಕಿದಳು, ಮುಚ್ಚಿದಳು. ಕಣ್ಣು ಬಿಟ್ಟು ನೋಡಿದಾಗ ಎಲ್ಲ ಸರಿಯಿತ್ತು. ಹೊರಗೆ ಕಾಣುವ ಕುದುರೆ ಆಕೆಗೆ ಬಹಳ ಹಿಡಿಸಿತು. ಕೋವಿಯ ಕುದುರೆ ಎಂದರೆ ಹಿಂದಕ್ಕೆ ಎಳೆದರೆ ನಿಂತು, ಬಿಟ್ಟರೆ ಬಡಿಯುತ್ತದಲ್ಲ, ಅದು. ನಿಂತಿದ್ದರೆ ನಿಂತಿದೆ, ಮಲಗಿದ್ದರೆ ಮಲಗಿದೆ, ಮನೆಯಲ್ಲಿ ಮಗುವಿದೆ, ಕಣ್ಣಿಗೆ ಕಾಣದ ಬೀಗ ನನಗೆ ಬೇಡ ಎಂದಳು. ಆ ಮಗು ನಾನೇ ಎಂದು ತಿಳಿದು ನಾನು ದೊರೆಸಾನಿಯ ಕಡೆ ಹೆಮ್ಮೆಯಿಂದ ನೋಡಿದೆ.

ಅಷ್ಟಾದ ಮೇಲೆ, ಇದರ ಸ್ವರ ಕೇಳಬೇಕು ಎಂದಳು. ಪೇಟೆಯಲ್ಲಿ ಹೊಡೆಯುವಂತಿಲ್ಲ. ಬೆಳ್ಳಿಗೌಡರು ತಮ್ಮ ಹಟ್ಟಿಯ ಕೆಳಗಿನ ಹೊಲಕ್ಕೆ ಹೋಗೋಣವೆಂದರು. ಗುಮಾಸ್ತರೂ ಕೋವಿಯ ಜೊತೆಗೆ ಬಂದರು. ಗಡ್ಡೆ ಅಗೆದು ಬರಿದಾದ ಹೊಲ. ಅಲ್ಲಿ ಕಾವಲು ಗುಡಿಸಲಿನ ಎರಡು ಬಿದಿರು ತಟ್ಟಿಗಳಿದ್ದವು. ತಮ್ಮ ಸರಕಿನ ಗುಣ ತೋರಿಸುವ ಉತ್ಸಾಹದಲ್ಲಿ ಗುಮಾಸ್ತರು ಅವಕ್ಕೆ ಹಸಿಮಣ್ಣು ಬಳಿಸಿ, ಒಂದರ ಹಿಂದೆ ಒಂದು ನಿಲ್ಲಿಸಿದರು. ಅತ್ತೆ ಸೆರಗು ಕಟ್ಟಿ, ಶಿವಾ ಎಂದು ಈಡು ಹಾರಿಸಿದಳು.

ಸದ್ದು ಬೆಟ್ಟಕ್ಕೆ ಹೋಗಿ, ಆಚೆಯ ಬೆಟ್ಟಕ್ಕೆ ಹೋಗಿ, ತಿರುಗಿ ನಮ್ಮ ಹತ್ತಿರ ಬಂತು. ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿ ನಿಂತವು. ಅತ್ತೆ ಗಡ್ಡೆಯ ರಾಶಿಯ ಮೇಲೆ ಕೂತಿದ್ದಳು, ತಾನಾಗಿ ಕೂತದ್ದಲ್ಲ. ಕೂತಲ್ಲಿಂದಲೇ, "ಸ್ವರ ಚೆನ್ನಾಗದ" ಎಂದಳು. ಅಪ್ಪ ಆ ದಿನ ಮೊದಲ ಬಾರಿ ನಕ್ಕರು. ಆಕೆಯ ಭುಜ ಹಲವು ದಿನ ನೀಲಿಗಟ್ಟಿತ್ತೆಂದು ಎಣ್ಣೆ ಹಚ್ಚಿದ ನನಗೆ ಮಾತ್ರ ಗೊತ್ತು.

ಗುಮಾಸ್ತರು ಕೈಹಿಡಿದು ಎಳೆಯುವುದೊಂದು ಕಡಮೆ ಎಂಬಂತೆ ಅತ್ತೆಯನ್ನು ತಟ್ಟಿಗಳ ಹತ್ತಿರ ಕರೆದೊಯ್ದರು. ಚರೆ ಮೊದಲನೆಯ ತಟ್ಟಿ ದಾಟಿ ಎರಡನೆಯದನ್ನೂ ದಾಟಿತ್ತು. ನೋಡಿ, ಎರಡು ಗೋಡೆ ಹಾಯುತ್ತದೆ ಎಂದು ಅವರು ಹಿಗ್ಗಿದರು. ಅತ್ತೆ ಎರಡನೆಯ ತಟ್ಟಿಯ ಒಂದು ತೂತಿನಲ್ಲಿ ಕಿರುಬೆರಳು ತೂರಿಸಿದಳು. ಬೆರಳು ಆಚೆ ಕಡೆ ಬಂತು. ಅದನ್ನೇ ನೋಡುತ್ತಾ ಸುಮಾರು ಹೊತ್ತು ನಿಂತಳು. ಕೋವಿಯ ಬಲ ಕಂಡು ಬೆರಗಾದಳೆಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ.

ಹೊರಡುವ ಮೊದಲು ಬೆಳ್ಳಿಗೌಡರು ಹಟ್ಟಿಗೆ ಕರೆದೊಯ್ದು ಹಾಲು ಕೊಡಿಸಿದರು. ಅವರ ತಾಯಿ ಬಹಳ ಹಿರಿಯರು, ಬಿಸಿಲಿಗೆ ಕೂತಿದ್ದರು. ಹಿರಿಯರ ಮುಂದೆ ತಲೆ ಬಾಗುವುದು, ಅವರು ತಲೆಯ ಮೇಲೆ ಕೈಯಿಟ್ಟು ಹರಸುವುದು ಅವರಲ್ಲಿ ಪದ್ಧತಿ. ಅತ್ತೆ ಬಾಗಿದಳು. ಅಜ್ಜಿಯ ಕೈ ಅತ್ತೆಯ ತಲೆಯ ಮೇಲಿಂದ ಇಳಿದು, ಪಕ್ಕದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಕೋವಿಯ ಮೇಲೂ ನಿಂತಿತು. ಅದೇನೋ ಕೂಸು ಎಂದುಕೊಂಡರೋ ಏನೋ.

"ಒಂದು ಸಾವಿರ ಆಗಲಿ" ಎಂದು ಹರಸಿದರು.

ಘಾಟಿ ಇಳಿಯುವಾಗ ಅತ್ತೆ, ಸಾವಿರ ಕೋವಿಯಾದರೆ ಇಡುವುದಕ್ಕೆ ಅಟ್ಟ ಸಾಲದಲ್ಲ ಎಂದು ತಮಾಷೆ ಮಾಡಿದಳು. ಆದರೆ ಆಮೇಲೆ ಮನೆ ಮುಟ್ಟುವವರೆಗೆ ಆಗಾಗ ತನ್ನ ಕಿರುಬೆರಳನ್ನು ನೋಡಿಕೊಳ್ಳುತ್ತಿದ್ದಳು.

ಕೋವಿಗೆ ನಡುಮನೆಯ ಗೂಟದಲ್ಲಿ ಜಾಗವಾಯಿತು. ಮೊದಲ ಸೋಮವಾರ ಅತ್ತೆ ತೋಟಾದ ಡಬ್ಬಿ ತೆಗೆದುಕೊಂಡು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅರಗು ಕಾಸುವ ವಾಸನೆ ಬಂತು. ಏನು ಮಾಡುತ್ತಿದ್ದೀಯ ಅತ್ತೆ ಎಂದು ಕದದ ಸಂದಿಯಲ್ಲಿ ಕೇಳಿದೆ.

"ಕೋವಿಗ ಲಿಂಗದೀಕ್ಷೆ ಕೊಡ್ತಾವ್ನಿ ಕನವ್ವ. ದೀಕ್ಷೆ ಆಗ್ದೆ ಇರೋದ್ನ ನಮ್ಮನೇಲಿ ಹೆಂಗ ಇಟ್ಕಳದು?" ಎಂದಳು.

ನನಗೆ ಅದು ಸಹಜವಾಗಿಯೇ ಕಂಡಿತು. ಮನೆಯಲ್ಲಿ ಎಲ್ಲರಿಗೂ ದೀಕ್ಷೆಯಾಗಿತ್ತು, ಕೋವಿಗೂ ಆಗಲಿ. ಹೊರಗೆ ಬಂದವಳು ಡಬ್ಬಿಗೆ ಬೀಗ ಹಾಕಿ, ನನ್ನ ಅಳಗುಳಿಮಣೆಗೆಂದು ಒಂದು ಹಿಡಿ ಹೊಸ ಕಾಳು ಕೊಟ್ಟಳು. ಅಲ್ಲಿಯವರೆಗೆ ಹುಣಿಸೆಬೀಜದಲ್ಲಿ ಆಡುತ್ತಿದ್ದ ನನಗೆ ಆ ಕರಿಯ, ಗುಂಡನೆಯ, ಗಾತ್ರಕ್ಕೆ ಮೀರಿ ಭಾರವಾದ ಕಾಳುಗಳು ಸಿಕ್ಕಿ ರಾಣಿಯಾದಂತಾಯಿತು. ತೊಗರಿಕಾಳಿನಷ್ಟೇ ಇದ್ದವು, ಗುಳಿಗೆ ಬಿದ್ದರೆ ಟಣ್ ಎನ್ನುತ್ತಿದ್ದವು. ಇವು ಯಾವ ಗಿಡದ ಬೀಜ ಎಂದು ಕೇಳಿದ್ದಕ್ಕೆ, ಊಟಿಯ ಕಡೆಯ ಗಿಡದ್ದು ಎಂದಳು. ಒಂದೆರಡನ್ನು ಬೇಲಿಯ ಪಕ್ಕ ಹೂತು ನೀರು ಹಾಕಿ ಬಹಳ ದಿನ ಕಾದೆ. ನನ್ನ ಬುದ್ಧಿವಂತಿಕೆ ಅಷ್ಟಿತ್ತು.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಒಂದು ಮಂಗಳವಾರ, ಗಂಡಸರೆಲ್ಲ ಊಟಿಯ ಸಂತೆಗೆ ಹೋಗಿದ್ದ ಮಧ್ಯಾಹ್ನ, ಮೂವರು ಅಂಗಳಕ್ಕೆ ಬಂದು ನೀರು ಕೇಳಿದರು. ಅತ್ತೆ ಕೊಟ್ಟಳು. ಕುಡಿದು ಮುಗಿಸಿದರೂ ಹೋಗಲಿಲ್ಲ. ಒಬ್ಬ ಉಗ್ರಾಣದ ಬೀಗ ನೋಡಿದ. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಇನ್ನೊಬ್ಬ ಕೇಳಿದ. ಅತ್ತೆ ನನ್ನನ್ನು ಒಳಗೆ ನೂಕಿ, ತಾನೂ ಒಳಗೆ ಬಂದಳು. ಅವಳು ಹೆದರಿದಳೆಂದು ಅವರಿಗೆ ಧೈರ್ಯ ಬಂದಿರಬೇಕು. ಅಷ್ಟು ಹೊತ್ತಿಗೆ ಆಚೆ ಬದಿಯ ಮನೆಯಲ್ಲಿ ಮಗು ಅತ್ತಿತು. ಮೂರನೆಯವನು ಕೈಯಲ್ಲಿ ಕತ್ತಿ ಹಿಡಿದು ಮಾದಿಯ ಬಾಗಿಲ ಕಡೆಗೆ ಹೊರಟ. ಬಾಗಿಲು ಬರಿಯ ತಡಿಕೆ. ಒಳಗೆ ಒಬ್ಬಳೇ ಹುಡುಗಿ.

ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ಮೋಟು ಕೋವಿ ಎರಡು ಬಾಗಿಲಿಗೂ ತಗುಲದೆ, ನೆಲುವನ್ನು ಮುಟ್ಟದೆ, ಆಕೆಯ ಜೊತೆಗೆ ಬಂದಿತ್ತು.

"ಆ ಮನೇಲಿ ಬಾಣಂತಿ ಅವ್ಳ. ಅಲ್ಲೇ ನಿಂತ್ಕ" ಎಂದಳು.

ಅವನು ನಿಲ್ಲಲಿಲ್ಲ. ಈಡು ಹಾರಿತು. ಅಂಗಳವೆಲ್ಲ ಹೊಗೆ. ಹೊಗೆಯೊಳಗಿಂದ ಸತ್ತೆ ಸತ್ತೆ ಎಂದು ಕೂಗು ಕೇಳಿಸಿತು. ಸತ್ತವನು ಬೇಲಿ ಹಾರಿ ಓಡಿದ ರಭಸಕ್ಕೆ ಮುಂಡಾಸು ಮುಳ್ಳಿಗೆ ಸಿಕ್ಕಿ ಉಳಿಯಿತು. ಉಳಿದಿಬ್ಬರು ಅವನಿಗಿಂತ ಮುಂದಿದ್ದರು. ಹೊಗೆ ಇಳಿದಾಗ ನಾನು ಕಂಡದ್ದು ಮಾದಿಯ ಮನೆಯ ಗೋಡೆ. ಗೋಡೆಯ ಮೇಲೆ, ಬಾಗಿಲಿಗೆ ಹತ್ತಿರದಲ್ಲಿ, ಮೊರದಗಲ ಮಣ್ಣು ತರಿತರಿಯಾಗಿತ್ತು. ಅತ್ತೆ ಕೋವಿ ಮಡಿಸಿ, ಬಿಸಿಯಾಗಿದ್ದ ತೋಟಾ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ನೀರು ಕೊಟ್ಟಿದ್ದ ಚೊಂಬನ್ನು ಬೂದಿ ಹಾಕಿ ತೊಳೆಯುವುದಕ್ಕೆ ಕೂತಳು. ಚೊಂಬು ಬೆಳಗಿದಷ್ಟೂ ಮುಗಿಯಲೇ ಇಲ್ಲ.

ಆಮೇಲೆ ಕೆಲವು ದಿನ ಅತ್ತೆಯ ಕೀರ್ತಿಗೆ ಮಿತಿಯಿರಲಿಲ್ಲ. ಮಳೆ ಬರುವುದಿಲ್ಲ ಎಂದಿದ್ದ ಮುದುಕ ತಾನೇ ಬಂದು, ಕೋವಿ ಹಿಡಿಯುವುದನ್ನು ಕಲಿಸಿದವನು ನಾನು ಎಂದು ಜಗಲಿಯಲ್ಲಿ ಎಲ್ಲರಿಗೂ ಹೇಳಿದ. ಆ ಸಲ ಅವನಿಗೆ ಅಡಿಕೆ ಸಿಕ್ಕಿತು. ಅಪ್ಪ ಗುಂಡ್ಲುಪೇಟೆಯ ಮಾತು ಬಿಟ್ಟರು. ಆದರೂ ಅವರ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಜಗಲಿಯಲ್ಲಿ ಕೂತು ಮಾದಿಯ ಗೋಡೆಯನ್ನು ನೋಡುತ್ತಿದ್ದರು. ಆ ಗೋಡೆಯ ಹಿಂದೆ, ನೇರ ಅದೇ ಜಾಗದಲ್ಲಿ, ತೊಟ್ಟಿಲು ಕಟ್ಟಿದ್ದು ಅವರಿಗೂ ಗೊತ್ತಿತ್ತು. ಎರಡು ಗೋಡೆ ಹಾಯುತ್ತದೆ ಎಂದು ಗುಮಾಸ್ತರು ಹಿಗ್ಗಿದ್ದನ್ನು ಅವರೂ ಕೇಳಿದ್ದರು. ಮಗು ಉಳಿದದ್ದು ಶಿವನ ದಯೆ, ಆದರೆ ಮುಂದಿನ ಸಲ ಶಿವ ಬೇರೆ ಊರಿನಲ್ಲಿದ್ದರೆ ಏನು ಗತಿ ಎಂದು ಒಮ್ಮೆ ಅತ್ತೆಗೆ ಹೇಳಿದರು. ಕೋವಿಯನ್ನು ಅಂಗಡಿಗೇ ಹಿಂದಿರುಗಿಸಬೇಕೋ ಏನೋ ಎಂದೂ ಅಂದರು. ಕೋವಿ ಹೋದರೆ ಮುಂದಿನದು ಗುಂಡ್ಲುಪೇಟೆಯೇ ಎಂದು ನನಗೂ ಗೊತ್ತಿತ್ತು. ಅತ್ತೆ ಕೇಳಿಸಿಕೊಂಡು ಎದ್ದು ಹೋದಳು. ಆ ದಿನ ಮೆಣಸಿನಕಾಯಿ ಕುಟ್ಟಿದಳು.

ಮೊದಲ ಮಳೆ ಬಿತ್ತು. ಮಳೆ ನಿಂತು, ಬಿಸಿಲು ಬಂದು, ಮತ್ತೊಂದು ಮಳೆಯಾಯಿತು. ಒಂದು ಬೆಳಿಗ್ಗೆ ಅಪ್ಪ ಎತ್ತು ಬಿಡಲು ಅಂಗಳಕ್ಕೆ ಇಳಿದವರು ಅಲ್ಲೇ ನಿಂತುಬಿಟ್ಟರು. ನಾನೂ ಹೋಗಿ ನೋಡಿದೆ. ಮಾದಿಯ ಗೋಡೆಯಲ್ಲಿ ಪೈರು ಬಂದಿತ್ತು. ನೆಲದಲ್ಲಲ್ಲ, ಗೋಡೆಯಲ್ಲಿ. ಮಣ್ಣು ತರಿಯಾಗಿದ್ದ ಆ ಮೊರದಗಲ ಜಾಗದಿಂದ ಹಸುರು ಮೊಳಕೆಗಳು ಹೊರಕ್ಕೆ ಚಾಚಿ, ತುದಿ ಮೇಲಕ್ಕೆ ಬಗ್ಗಿಸಿಕೊಂಡಿದ್ದವು. ರಾಗಿ ವ್ಯಾಪಾರ ಮಾಡುವವರಿಗೆ ರಾಗಿಯ ಮೊಳಕೆಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ.

ಅಪ್ಪ ಒಂದು ಮೊಳಕೆಯನ್ನು ಮೆಲ್ಲಗೆ ಕಿತ್ತು ಬುಡ ನೋಡಿದರು. ಆಮೇಲೆ ಜಗಲಿಯ ಮೇಲಿದ್ದ ನನ್ನ ಅಳಗುಳಿಮಣೆಯ ಹತ್ತಿರ ಬಂದು, ಗುಳಿಯಿಂದ ಒಂದು ಕರಿಯ ಕಾಳನ್ನು ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಮತ್ತೆ ಅದೇ ಗುಳಿಗೆ ಹಾಕಿದರು. ತಿರುಗಿ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು. ಒಳಗೆ ಮಗು ತನ್ನಷ್ಟಕ್ಕೆ ತಾನು ಏನೋ ಹೇಳಿಕೊಳ್ಳುತ್ತಿತ್ತು. ಅಪ್ಪ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಅತ್ತೆಯೂ ಬಾಗಿಲಲ್ಲಿ ನಿಂತು ಕಂಡಳು. ಸಿಕ್ಕಿಬಿದ್ದೆನೆಂದು ಆಕೆಗೆ ತಿಳಿದಿತ್ತು. ಕೋವಿಯಲ್ಲಿ ಇಷ್ಟು ದಿನವೂ ರಾಗಿ ತುಂಬಿಕೊಂಡು ಮನೆ ಕಾದವಳನ್ನು ಇನ್ನು ಯಾರು ಅಲ್ಲಿ ಇಟ್ಟುಕೊಳ್ಳುತ್ತಾರೆ? ಸೊಂಟದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅಪ್ಪ ಆಕೆಗೆ ಒಂದು ಮಾತೂ ಹೇಳದೆ ಗಾಡಿ ಹೂಡಿಸಿ ಊಟಿಗೆ ಹೊರಟುಹೋದರು. ಆ ದಿನವೂ ಮರುದಿನವೂ ಅತ್ತೆ ಏನನ್ನೂ ಕುಟ್ಟಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಅಪ್ಪ ಊಟಿಯಿಂದ ಬಂದವರು ಕಾಲು ತೊಳೆದು, ಶಾಲಿನ ಮಡಿಕೆಯಿಂದ ಒಂದು ಪೊಟ್ಟಣ ತೆಗೆದು ಅತ್ತೆಯ ಮುಂದಿಟ್ಟರು. ಅಂಗಡಿಯ ಹೊಸ ತೋಟಾಗಳು. ಅದರ ಪಕ್ಕದಲ್ಲಿ ಅರಗಿನ ಒಂದು ತುಂಡು.

"ಅಕ್ಕ, ಕಣಜದ ತಳದ್ದು ಹುಳ ಹತ್ತದ. ಈ ಸಲ ಹೊಸ ರಾಗಿನೇ ಹಾಕು" ಎಂದರು.

ಅತ್ತೆ ಪೊಟ್ಟಣ ಎತ್ತಿಕೊಂಡು, ಸೊಂಟದಿಂದ ಬೀಗದ ಕೈ ಬಿಚ್ಚಿ, ಉಗ್ರಾಣದ ಬಾಗಿಲು ತೆರೆದಳು.